ಲೆಕ್ಕ ಬರೆದಿಟ್ಟ ಸಿಟ್ಟು: ಲ್ಯಾರಿ ಕ್ರೇಮರ್‌ನ ಬದುಕು, ಬರಹ

ಲ್ಯಾರಿ ಕ್ರೇಮರ್ ಎಂದರೆ ಬಹಳ ಜನಕ್ಕೆ ನೆನಪಾಗುವುದು ಕೂಗಾಟ. ಏಡ್ಸ್ ಹರಡಿದ ಕಾಲದಲ್ಲಿ ಮೈಕ್ ಹಿಡಿದು ಮೇಯರನ್ನು, ಪತ್ರಿಕೆಗಳನ್ನು, ವಿಜ್ಞಾನಿಗಳನ್ನು, ಕೊನೆಗೆ ತನ್ನದೇ ಗೆಳೆಯರನ್ನೂ ಬಿಡದೆ ಬೈದ ಅಮೆರಿಕದ ಗೇ ಲೇಖಕ. ಬೈದದ್ದು ನಿಜ. ಆದರೆ ಬೈಗುಳವಷ್ಟೇ ಆಗಿದ್ದರೆ ಅದು ಆವತ್ತಿಗೇ ಮುಗಿದುಹೋಗುತ್ತಿತ್ತು. ಅವನ ಒಳ್ಳೆಯ ಬರಹಗಳನ್ನು ಬಿಚ್ಚಿ ನೋಡಿದರೆ ಒಂದೇ ಕಟ್ಟಡ ಕಾಣುತ್ತದೆ. ಮೊದಲು ಸಂಖ್ಯೆ, ಆಮೇಲೆ ಹೆಸರು, ಆಮೇಲೆ ಇಂಥವರು ಇಂಥದ್ದನ್ನು ಮಾಡಬೇಕು ಎಂಬ ಬೇಡಿಕೆ. ಮೂರೂ ಕೂಡಿದಾಗ ಅವನ ಬರಹ ಸರ್ಕಾರವನ್ನೇ ಅಲುಗಿಸಿದೆ. ಒಂದು ತಪ್ಪಿದರೂ ಕೂಗಾಟ ಮಾತ್ರ ಉಳಿದಿದೆ. ಅವನ ಕೃತಿಗಳನ್ನು ಹೀಗೆ ಓದುವುದೇ ಸರಿಯಾದ ದಾರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1935ರ ಜೂನ್ 25ರಂದು ಕನೆಕ್ಟಿಕಟ್ ರಾಜ್ಯದ ಬ್ರಿಡ್ಜ್‌ಪೋರ್ಟ್‌ನಲ್ಲಿ, ಯಹೂದಿ ಮನೆತನದಲ್ಲಿ ಹುಟ್ಟಿದ. ಬೆಳೆದದ್ದು ವಾಷಿಂಗ್ಟನ್ ಸುತ್ತಮುತ್ತ. 1953ರಲ್ಲಿ ಯೇಲ್ ವಿಶ್ವವಿದ್ಯಾಲಯ ಸೇರಿದ ವರ್ಷವೇ, ಇಡೀ ಕ್ಯಾಂಪಸ್ಸಿನಲ್ಲಿ ತನ್ನಂಥವನು ತಾನೊಬ್ಬನೇ ಎಂದುಕೊಂಡು, ಆಸ್ಪಿರಿನ್ ಮಾತ್ರೆಗಳನ್ನು ನುಂಗಿ ಸಾಯಲು ಹೊರಟಿದ್ದ. ಬದುಕಿಕೊಂಡ. 1957ರಲ್ಲಿ ಪದವಿ, ಸ್ವಲ್ಪ ಕಾಲ ಸೇನೆ, ಆಮೇಲೆ ಕೊಲಂಬಿಯಾ ಪಿಕ್ಚರ್ಸ್‌ನಲ್ಲಿ ಟೆಲಿಟೈಪ್ ಯಂತ್ರದ ಮುಂದೆ ಕೆಲಸ. ಅಲ್ಲಿಂದ ಚಿತ್ರಕಥೆಗಳ ವಿಭಾಗಕ್ಕೆ, 1960ರ ದಶಕದ ಆರಂಭದಲ್ಲಿ ಲಂಡನ್ನಿಗೆ. ಡಿ. ಎಚ್. ಲಾರೆನ್ಸ್‌ನ ‘ವಿಮೆನ್ ಇನ್ ಲವ್’ ಕಾದಂಬರಿಗೆ ಚಿತ್ರಕಥೆ ಬರೆದು, ತಾನೇ ನಿರ್ಮಾಪಕನೂ ಆದ. ಕೆನ್ ರಸೆಲ್ ನಿರ್ದೇಶಿಸಿದ ಆ ಚಿತ್ರ ಅವನಿಗೆ ಆಸ್ಕರ್ ನಾಮನಿರ್ದೇಶನ ತಂದಿತು.

ಮುಂದಿನ ಸಿನಿಮಾ ಕೆಲಸವನ್ನು ವಿಮರ್ಶಕರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಅದು ಮುಖ್ಯ ಅನಿಸುತ್ತದೆ. 1973ರ ‘ಲಾಸ್ಟ್ ಹೊರೈಜನ್’ ಸಂಗೀತ ಚಿತ್ರ ನೆಲಕಚ್ಚಿತು. ಆದರೆ ಚಿತ್ರಕಥೆಗೆ ಕ್ರೇಮರ್‌ಗೆ ಸಿಕ್ಕ ಸಂಭಾವನೆ ದೊಡ್ಡದು. ವಕೀಲನಾಗಿದ್ದ ಅಣ್ಣ ಆರ್ಥರ್ ಅದನ್ನು ಜಾಣತನದಿಂದ ಹೂಡಿಕೆ ಮಾಡಿಸಿದ. ಅಂದಿನಿಂದ ಕ್ರೇಮರ್‌ಗೆ ಹೊಟ್ಟೆಪಾಡಿನ ಚಿಂತೆ ಇರಲಿಲ್ಲ, ಹೆದರಬೇಕಾದ ಮಾಲೀಕ ಇರಲಿಲ್ಲ. 1980ರ ದಶಕದ ನ್ಯೂಯಾರ್ಕ್‌ನಲ್ಲಿ ಗೇ ಎಂದು ಗೊತ್ತಾದರೆ ಬ್ಯಾಂಕಿನ ಕೆಲಸವೋ ಬಾಡಿಗೆ ಮನೆಯೋ ಕೈತಪ್ಪುವ ಭಯ ಅವನ ಜೊತೆಗಾರರಿಗಿತ್ತು. ಅವನು ತನ್ನ ಹೆಸರು ಹಾಕಿ ಏನನ್ನಾದರೂ ಬರೆಯಬಹುದಿತ್ತು. ಅವನ ಧೈರ್ಯದಲ್ಲಿ ಸ್ವಭಾವದ ಪಾಲು ಎಷ್ಟಿತ್ತೋ ಆ ಹಣದ ಪಾಲೂ ಅಷ್ಟೇ ಇತ್ತು. ಇದನ್ನು ಮರೆತವರು ಅವನ ಗೆಳೆಯರನ್ನು ಸುಲಭವಾಗಿ ಹೇಡಿಗಳೆಂದುಬಿಡುತ್ತಾರೆ. ಅದು ಅನ್ಯಾಯ.

1978ರಲ್ಲಿ ಬಂದ ಮೊದಲ ಕಾದಂಬರಿ ‘ಫ್ಯಾಗಟ್ಸ್’. ಗೇ ಗಂಡಸರನ್ನು ಹಳಿಯಲು ಬಳಸುವ ಬೈಗುಳವನ್ನೇ ಶೀರ್ಷಿಕೆ ಮಾಡಿದ್ದ. ಕಾದಂಬರಿ ಆರಂಭವಾಗುವುದೇ ಸಂಖ್ಯೆಯಿಂದ: ನ್ಯೂಯಾರ್ಕ್ ಪ್ರದೇಶದಲ್ಲಿ ಇಂಥವರು 25,56,596 ಮಂದಿ ಇದ್ದಾರೆ ಎಂದು ಹೇಳಿ, ಮ್ಯಾನ್‌ಹಟನ್‌ನಲ್ಲಿ ಎಷ್ಟು, ಕ್ವೀನ್ಸ್‌ನಲ್ಲಿ ಎಷ್ಟು, ಬ್ರೂಕ್ಲಿನ್‌ನಲ್ಲಿ ಎಷ್ಟು ಎಂದು ಜನಗಣತಿಯ ಗತ್ತಿನಲ್ಲಿ ಪಟ್ಟಿ ಕೊಡುತ್ತಾನೆ. ನಾಯಕ ಫ್ರೆಡ್ ಲೆಮಿಶ್, ನಲವತ್ತರ ಹೊಸ್ತಿಲಲ್ಲಿರುವ ಚಿತ್ರಕಥೆಗಾರ. ಗೇ ಗಂಡಸರು ಸೇರುವ ಸಾರ್ವಜನಿಕ ಸ್ನಾನಗೃಹಗಳು, ಡಿಸ್ಕೋಗಳು, ನ್ಯೂಯಾರ್ಕ್ ಬಳಿಯ ದ್ವೀಪ ಫೈರ್ ಐಲೆಂಡ್‌ನ ಮೋಜು, ಮಾದಕದ್ರವ್ಯ, ಇವುಗಳ ನಡುವೆ ಅವನು ಪ್ರೀತಿ ಹುಡುಕುತ್ತಾನೆ. ಅವನಿಗೆ ಬೇಕಾದ ಡಿಂಕಿ ಆಡಮ್ಸ್ ಕೈಗೆ ಸಿಗುವುದಿಲ್ಲ.

ಪುಸ್ತಕ ಚೆನ್ನಾಗಿ ಮಾರಾಟವಾಯಿತು, ಬರೆದವನನ್ನು ಮಾತ್ರ ಸಮುದಾಯ ಹೊರಗಿಟ್ಟಿತು. ನ್ಯೂಯಾರ್ಕ್‌ನ ಹೆಸರಾಂತ ಗೇ ಪುಸ್ತಕದಂಗಡಿ, ಆಸ್ಕರ್ ವೈಲ್ಡ್ ಮೆಮೋರಿಯಲ್ ಬುಕ್‌ಶಾಪ್, ಅದನ್ನು ಕಪಾಟಿನಿಂದ ತೆಗೆಯಿತು. ಯಾಕೆ ಅಷ್ಟು ಸಿಟ್ಟು? ಪೊಲೀಸ್ ದಾಳಿಯ ವಿರುದ್ಧ ನ್ಯೂಯಾರ್ಕ್‌ನ ಗೇ ಬಾರೊಂದರಲ್ಲಿ ಎದ್ದ 1969ರ ಸ್ಟೋನ್‌ವಾಲ್ ಗಲಭೆಯ ನಂತರ ಒಂಬತ್ತೇ ವರ್ಷ ಕಳೆದಿತ್ತು. ಪೊಲೀಸರ ಲಾಠಿ ಇಲ್ಲದೆ ಒಬ್ಬರನ್ನೊಬ್ಬರು ಮುಟ್ಟುವುದೇ ಆ ತಲೆಮಾರಿಗೆ ಸ್ವಾತಂತ್ರ್ಯವಾಗಿತ್ತು. ಅದನ್ನು ಒಳಗಿನವನೇ ಬಂದು ಹಳಿದರೆ ಯಾರು ಸಹಿಸುತ್ತಾರೆ? ಕಾದಂಬರಿಯ ಸೋಲು ನನಗೆ ಕಾಣುವುದು ಇನ್ನೊಂದು ಕಡೆ. ಇಲ್ಲಿಯ ಸಂಖ್ಯೆ ಕಲ್ಪಿತ, ನಗೆಗಾಗಿ ಇಟ್ಟದ್ದು. ಬೇಡಿಕೆ ಯಾರಿಗೂ ವಿಳಾಸ ಮಾಡಿದ್ದಲ್ಲ, ಎಲ್ಲರಿಗೂ ಸೇರಿಸಿ ಹೇಳಿದ ನೀತಿಮಾತು. ಇದಕ್ಕೆ ಅವನು ಕೆಲವೇ ವರ್ಷಗಳಲ್ಲಿ ದೊಡ್ಡ ಬೆಲೆ ತೆತ್ತ. ಏಡ್ಸ್ ಕಾಯಿಲೆ ಬಂದಾಗ ಅವನು ಕೊಟ್ಟ ಎಚ್ಚರಿಕೆಯನ್ನು ಅನೇಕರು ಹಳೆಯ ನೀತಿಪಾಠದ ಮುಂದುವರಿಕೆ ಎಂದೇ ಕೇಳಿಸಿಕೊಂಡರು. ನಾಟಕಕಾರ ರಾಬರ್ಟ್ ಚೆಸ್ಲಿ ‘ನ್ಯೂಯಾರ್ಕ್ ನೇಟಿವ್’ ಎಂಬ ಗೇ ಪತ್ರಿಕೆಗೆ ಪತ್ರ ಬರೆದು, ಕ್ರೇಮರ್‌ನ ಮಾತಿನ ಅಡಿಯಲ್ಲಿರುವುದು ‘ಗೇ ಪಾಪದ ಫಲ ಸಾವು’ ಎಂಬ ಭಾವ ಎಂದು ಆರೋಪಿಸಿದ.

1981ರ ಜುಲೈ 3ರಂದು ‘ನ್ಯೂಯಾರ್ಕ್ ಟೈಮ್ಸ್’ನ ಒಳಪುಟದಲ್ಲಿ ಒಂದು ಸುದ್ದಿ ಬಂತು: 41 ಸಲಿಂಗಿಗಳಲ್ಲಿ ಅಪರೂಪದ ಕ್ಯಾನ್ಸರ್. ಆಗಸ್ಟ್ 11ರಂದು ಫಿಫ್ತ್ ಅವೆನ್ಯೂದ 2ನೇ ನಂಬರಿನ ಕಟ್ಟಡದಲ್ಲಿದ್ದ ಕ್ರೇಮರ್‌ನ ಮನೆಯಲ್ಲಿ ಸುಮಾರು 80 ಗಂಡಸರು ಸೇರಿದರು. ಚರ್ಮತಜ್ಞ ಆಲ್ವಿನ್ ಫ್ರೀಡ್‌ಮನ್‌-ಕೀನ್ ಬಂದು, ತಾನು ಕಂಡ ರೋಗಿಗಳ ಬಗ್ಗೆ ಹೇಳಿ, ಸಂಶೋಧನೆಗೆ ಹಣ ಬೇಕೆಂದ. ಆ ಸಂಜೆ ಕೂಡಿದ್ದು 6,635 ಡಾಲರ್. 1982ರ ಜನವರಿಯಲ್ಲಿ ಅದೇ ಮನೆಯಲ್ಲಿ ಆರು ಜನ ಸೇರಿ ‘ಗೇ ಮೆನ್ಸ್ ಹೆಲ್ತ್ ಕ್ರೈಸಿಸ್’ ಸಂಸ್ಥೆ ಕಟ್ಟಿದರು: ಕ್ರೇಮರ್, ಕಾದಂಬರಿಕಾರ ಎಡ್ಮಂಡ್ ವೈಟ್, ವೈದ್ಯ ಲಾರೆನ್ಸ್ ಮಾಸ್, ಪಾಲ್ ಪಾಪಮ್, ಪಾಲ್ ರಾಪಪೋರ್ಟ್, ನೇಥನ್ ಫೇನ್. ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿ ಬಂದಿದ್ದ, ನೋಡಲು ಸುಂದರನಾದ, ಎಲ್ಲರೂ ಮೆಚ್ಚುವ ಪಾಪಮ್ ಅಧ್ಯಕ್ಷನಾದ. ಸಹಾಯವಾಣಿ ಶುರುವಾದದ್ದು ರೋಜರ್ ಮ್ಯಾಕ್‌ಫಾರ್ಲೆನ್ ಎಂಬಾತನ ಸ್ವಂತ ಮನೆಯ ಫೋನಿನಲ್ಲಿ. ಮೊದಲ ರಾತ್ರಿಯೇ ನೂರು ಕರೆ.

ಒಳಜಗಳ ಎಲ್ಲಿ ಹುಟ್ಟಿತು ಎಂಬುದನ್ನು ಸ್ಪಷ್ಟವಾಗಿ ನೋಡಬೇಕು. ಕಾಯಿಲೆಗೆ ಕಾರಣ ಗೊತ್ತಿರಲಿಲ್ಲ. ವೈರಾಣುವನ್ನು, ಅಂದರೆ ಎಚ್‌ಐವಿಯನ್ನು, ಫ್ರಾನ್ಸಿನ ವಿಜ್ಞಾನಿಗಳು 1983ರಲ್ಲಷ್ಟೇ ಗುರುತಿಸಿದರು, ರಕ್ತಪರೀಕ್ಷೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕದ್ದು 1985ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ‘ಲೈಂಗಿಕ ಸಂಪರ್ಕ ನಿಲ್ಲಿಸಿ’ ಎಂದು ಸಾರುವುದು ವೈದ್ಯಕೀಯ ಸಲಹೆಯೋ ನೀತಿಬೋಧೆಯೋ ಎಂಬುದು ನಿಜಕ್ಕೂ ಕಷ್ಟದ ಪ್ರಶ್ನೆ. ಪಾಪಮ್ ಮತ್ತು ಮಂಡಳಿ ರೋಗಿಗಳ ಆರೈಕೆಗೆ, ಸಮಾಲೋಚನೆಗೆ ಒತ್ತು ಕೊಟ್ಟರು. ಕ್ರೇಮರ್‌ಗೆ ಬೇಕಾಗಿದ್ದದ್ದು ಮೇಯರ್ ಎಡ್ ಕಾಚ್ ಜೊತೆ ನೇರ ಜಗಳ. 1983ರ ವಸಂತದಲ್ಲಿ ಕೊನೆಗೂ ಮೇಯರ್ ಭೇಟಿ ಸಿಕ್ಕಾಗ ಹೋಗುವವರ ಪಟ್ಟಿಯಲ್ಲಿ ಮಂಡಳಿ ಅವನ ಹೆಸರು ಸೇರಿಸಲಿಲ್ಲ. ಅವನು ರಾಜೀನಾಮೆ ಕೊಟ್ಟ. ಆಮೇಲೆ ಮರಳಿ ಬರಲು ನೋಡಿದಾಗ ಬಾಗಿಲು ತೆರೆಯಲಿಲ್ಲ.

ಇದಕ್ಕೆ ಸ್ವಲ್ಪ ಮೊದಲು, 1983ರ ಮಾರ್ಚ್ 14ರ ‘ನೇಟಿವ್’ ಸಂಚಿಕೆಯಲ್ಲಿ ಅವನ ಅತ್ಯುತ್ತಮ ಗದ್ಯ ಬಂದಿತ್ತು. ಶೀರ್ಷಿಕೆ ‘1,112 ಆ್ಯಂಡ್ ಕೌಂಟಿಂಗ್’. ಹೋರಾಟದ ಬರಹ ಹೇಗಿರಬೇಕು ಎಂದು ಕಲಿಯುವವರು ಇದನ್ನು ಪೆನ್ಸಿಲ್ ಹಿಡಿದು ಓದಬೇಕು. ಈ ಲೇಖನ ನಿನ್ನನ್ನು ಹೆದರಿಸದಿದ್ದರೆ ನಾವು ಕೆಟ್ಟೆವು ಎಂಬ ಅರ್ಥದ ಒರಟು ಆರಂಭ, ಕೂಡಲೇ ಅಂಕಿಗಳು. ಗಂಭೀರ ಪ್ರಕರಣ 1,112. ನಾವು ಗಾಬರಿಯಾದಾಗ ಇದ್ದದ್ದು 41. ಜನವರಿ 13ರಿಂದ ಫೆಬ್ರವರಿ 9ರ ನಡುವಿನ 28 ದಿನಗಳಲ್ಲಿ ಹೊಸದಾಗಿ 164 ಪ್ರಕರಣ, 73 ಸಾವು. ಒಟ್ಟು ಸಾವು 418. ನ್ಯೂಯಾರ್ಕ್ ನಗರವೊಂದರಲ್ಲೇ 526 ರೋಗಿಗಳು, ಅವರಲ್ಲಿ 195 ಮಂದಿ ತೀರಿಕೊಂಡಿದ್ದಾರೆ.

ಗಮನಿಸಬೇಕಾದದ್ದು ಅಂಕಿಗಳನ್ನು ಇಟ್ಟ ಕ್ರಮ. 1,112 ಎನ್ನುವುದು ಒಂದು ದೇಶದ ಲೆಕ್ಕದಲ್ಲಿ ಚಿಕ್ಕದು, ಓದುಗ ಭುಜ ಕುಣಿಸಿ ಪುಟ ತಿರುವಬಹುದು. ಅದರ ಪಕ್ಕ 41 ಬಂದಾಗ ವೇಗ ಕಾಣುತ್ತದೆ. 28 ದಿನಗಳ ಲೆಕ್ಕ ಬಂದಾಗ ಈ ತಿಂಗಳು, ಈ ವಾರ, ನಾನು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆಮೇಲೆ ಅವನು ಒಬ್ಬೊಬ್ಬರನ್ನೇ ಹಿಡಿದು ಕೇಳುತ್ತಾನೆ: ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಹಣ ಬಿಡುಗಡೆಗೆ ಯಾಕಿಷ್ಟು ತಡ, ಮೇಯರ್ ಬಾಯಿಗೆ ಯಾಕೆ ಬೀಗ, ಗೇ ಪತ್ರಿಕೆಗಳೇ ಯಾಕೆ ಸುಮ್ಮನಿವೆ. ಕೊನೆಯಲ್ಲಿ ಸತ್ತ ಗೆಳೆಯರ ಹೆಸರುಗಳ ಪಟ್ಟಿ. ಕೆಲವು ಪೂರ್ತಿ ಹೆಸರು, ಕೆಲವು ಮೊದಲ ಹೆಸರು ಮಾತ್ರ, ಒಂದು ಕಡೆ ಬರೀ ಒಂದಕ್ಷರ. ಅದರ ಕೆಳಗೆ, ಇದು ಅಚ್ಚಾಗುವ ಹೊತ್ತಿಗೆ ಸತ್ತಿರುವ ಇನ್ನೊಬ್ಬ ಎಂಬ ಸಾಲು. ಕಡೆಗೆ, ಜೈಲಿಗೆ ಹೋಗಲು ತಯಾರಿರುವ ಸ್ವಯಂಸೇವಕರು ಬೇಕು ಎಂಬ ಕರೆ. ದೇಶದ ಹಲವು ಗೇ ಪತ್ರಿಕೆಗಳು ಇದನ್ನು ಮರುಮುದ್ರಿಸಿದವು.

ಇನ್ನು ‘ದಿ ನಾರ್ಮಲ್ ಹಾರ್ಟ್’. ರಂಗಭೂಮಿಯವರು ಕ್ರೇಮರ್‌ನನ್ನು ಬಲ್ಲದ್ದು ಈ ನಾಟಕದಿಂದ. ಸಂಸ್ಥೆಯಿಂದ ಹೊರಬಿದ್ದ ಮೇಲೆ ಯೂರೋಪಿಗೆ ಹೋದ ಅವನು ಜರ್ಮನಿಯ ಡಾಖಾವ್ ಶಿಬಿರ ನೋಡಿದ. ಅದು 1933ರಲ್ಲೇ ತೆರೆದಿತ್ತು, ಅಷ್ಟು ವರ್ಷ ಜಗತ್ತು ಕಂಡೂ ಕಾಣದಂತೆ ಇತ್ತು ಎಂಬುದು ಅವನನ್ನು ಅಲುಗಿಸಿತು. ಬಂದು ಬರೆಯಲು ಕೂತ. ಶೀರ್ಷಿಕೆ ಡಬ್ಲ್ಯೂ. ಎಚ್. ಆಡೆನ್‌ನ ಪದ್ಯದಿಂದ ತೆಗೆದದ್ದು. ಹಲವರು ತಿರಸ್ಕರಿಸಿದ ಹಸ್ತಪ್ರತಿಯನ್ನು ಜೋಸೆಫ್ ಪ್ಯಾಪ್‌ನ ಪಬ್ಲಿಕ್ ಥಿಯೇಟರ್‌ನಲ್ಲಿ ನಾಟಕಗಳ ವಿಭಾಗ ನೋಡಿಕೊಳ್ಳುತ್ತಿದ್ದ ಗೇಲ್ ಮೆರಿಫೀಲ್ಡ್ ಪ್ಯಾಪ್ ಓದಿ, ಬೆನ್ನು ಬಿಡದೆ ಗಂಡನಿಗೆ ಓದಿಸಿದಳು. 1985ರ ಏಪ್ರಿಲ್ 21ರಂದು ಮೊದಲ ಪ್ರದರ್ಶನ, ಮೈಕೆಲ್ ಲಿಂಡ್ಸೆ-ಹಾಗ್ ನಿರ್ದೇಶನ, ನಾಯಕ ನೆಡ್ ವೀಕ್ಸ್ ಪಾತ್ರದಲ್ಲಿ ಬ್ರ್ಯಾಡ್ ಡೇವಿಸ್. 294 ಪ್ರದರ್ಶನ ಕಂಡಿತು. ವಿಲಿಯಂ ಹಾಫ್‌ಮನ್‌ನ ‘ಆ್ಯಸ್ ಈಸ್’ ಎಂಬ, ಇದೇ ಕಾಯಿಲೆಯ ಬಗೆಗಿನ ನಾಟಕ ಒಂದು ತಿಂಗಳ ಮೊದಲೇ ರಂಗಕ್ಕೆ ಬಂದಿತ್ತು. ಆದರೆ ಹೆಸರು ಹಿಡಿದು ಆಪಾದಿಸಿದ್ದು ಕ್ರೇಮರ್‌ನ ನಾಟಕ.

ಮೊದಲ ಪ್ರಯೋಗದ ರಂಗಸಜ್ಜಿಕೆಯನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ಅರ್ಧ ನಾಟಕ ಅಲ್ಲೇ ಇದೆ. ಕಟ್ಟಡ ಕಟ್ಟುವ ಜಾಗದಲ್ಲಿ ಅಡ್ಡ ನಿಲ್ಲಿಸುವ ಪ್ಲೈವುಡ್ ಹಲಗೆಗಳು, ಅವುಗಳಿಗೆ ಬಿಳಿ ಸುಣ್ಣ. ಅದರ ಮೇಲೆ ಕಪ್ಪು ಸಾದಾ ಅಕ್ಷರಗಳಲ್ಲಿ ಅಂಕಿ, ಹೆಸರು, ಮಾಹಿತಿ. ವೇದಿಕೆ ಮಾತ್ರವಲ್ಲ, ಪ್ರೇಕ್ಷಕರು ಕೂತ ಗೋಡೆಗಳ ಮೇಲೂ. ದೇಶದ ಒಟ್ಟು ಪ್ರಕರಣಗಳ ಸಂಖ್ಯೆ ಹೊಸದಾಗಿ ಬಂದಾಗಲೆಲ್ಲ ಹಳೆಯದನ್ನು ಗೀಟು ಹಾಕಿ ಹೊಡೆದು ಅದರ ಕೆಳಗೆ ಹೊಸದನ್ನು ಬರೆಯುತ್ತಿದ್ದರು. ಅಳಿಸುತ್ತಿರಲಿಲ್ಲ, ಹೊಡೆದ ಹಳೆಯ ಸಂಖ್ಯೆ ಕಾಣುತ್ತಲೇ ಇರಬೇಕು. ಇನ್ನೊಂದು ಕಡೆ ಹೋಲಿಕೆ: ಕಾಯಿಲೆಯ ಮೊದಲ 19 ತಿಂಗಳಲ್ಲಿ ‘ಟೈಮ್ಸ್’ ಅದರ ಬಗ್ಗೆ ಬರೆದದ್ದು 7 ಸಲ. 1982ರಲ್ಲಿ ಟೈಲೆನಾಲ್ ಎಂಬ ನೋವಿನ ಮಾತ್ರೆಗಳಿಗೆ ಯಾರೋ ವಿಷ ಬೆರೆಸಿ ಏಳು ಜನ ಸತ್ತಾಗ, ಅದೇ ಪತ್ರಿಕೆ ಮೂರು ತಿಂಗಳಲ್ಲಿ ಬರೆದದ್ದು 54 ಸಲ. ಮತ್ತೊಂದು ಕಡೆ ಶಿಕ್ಷಣಕ್ಕೂ ಸಮುದಾಯ ಸೇವೆಗೂ ಎರಡು ನಗರಗಳ ಖರ್ಚು: ಸ್ಯಾನ್ ಫ್ರಾನ್ಸಿಸ್ಕೋ ಮೇಯರ್ ಫೈನ್‌ಸ್ಟೈನ್ 1 ಕೋಟಿ 60 ಲಕ್ಷ ಡಾಲರ್, ನ್ಯೂಯಾರ್ಕ್ ಮೇಯರ್ ಕಾಚ್ 75 ಸಾವಿರ. ಪಾತ್ರ ಬಾಯಿ ತೆರೆಯುವ ಮೊದಲೇ ಪ್ರೇಕ್ಷಕ ಇದನ್ನೆಲ್ಲ ಓದಿ ಮುಗಿಸಿರುತ್ತಾನೆ. ಆದ್ದರಿಂದ ಮಾತಿನಲ್ಲಿ ಅಂಕಿಗಳ ಹೊರೆ ಕಡಿಮೆ, ಪಾತ್ರಗಳು ಜಗಳವಾಡಲು ಬಿಡುವಾಗಿರುತ್ತವೆ. ಮಾಹಿತಿಯನ್ನು ಗೋಡೆಗೆ ಕೊಟ್ಟು ಮನುಷ್ಯರನ್ನು ನಟರಿಗೆ ಬಿಟ್ಟದ್ದು ಅಸಾಧಾರಣ ರಂಗಬುದ್ಧಿ.

ಕಥೆ ನಡೆಯುವುದು 1981ರ ಜುಲೈಯಿಂದ 1984ರ ಮೇವರೆಗೆ. ನೆಡ್ ವೀಕ್ಸ್ ಎಂದರೆ ಕ್ರೇಮರ್, ಬ್ರೂಸ್ ನೈಲ್ಸ್ ಎಂದರೆ ಪಾಪಮ್, ವಕೀಲ ಬೆನ್ ಎಂದರೆ ಅಣ್ಣ ಆರ್ಥರ್. ಪೋಲಿಯೊದಿಂದ ಗಾಲಿಕುರ್ಚಿ ಹಿಡಿದ ವೈದ್ಯೆ ಎಮ್ಮಾ ಬ್ರೂಕ್ನರ್‌ಗೆ ಮಾದರಿ ಲಿಂಡಾ ಲಾಬೆನ್‌ಸ್ಟೈನ್, ಈ ರೋಗಿಗಳನ್ನು ಮೊದಮೊದಲು ಕಂಡ ವೈದ್ಯರಲ್ಲಿ ಒಬ್ಬಳು. ಇಡೀ ನಾಟಕದಲ್ಲಿ ಅದೊಂದೇ ಹೆಣ್ಣು ಪಾತ್ರ. ನೆಡ್‌ನ ಪ್ರಿಯಕರ ಫೀಲಿಕ್ಸ್ ‘ಟೈಮ್ಸ್’ನಲ್ಲಿ ಫ್ಯಾಷನ್ ಬಗ್ಗೆ ಬರೆಯುವವನು. ನಿಜಜೀವನಕ್ಕೂ ನಾಟಕಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ: ಕ್ರೇಮರ್ ತಾನೇ ಸಂಸ್ಥೆ ಬಿಟ್ಟ, ನೆಡ್‌ನನ್ನು ಮಂಡಳಿ ಪತ್ರ ಓದಿ ಹೊರಹಾಕುತ್ತದೆ. ರಂಗಕ್ಕೆ ಆ ದೃಶ್ಯ ಬೇಕು ಎಂಬುದು ಸರಿ. ಆದರೆ ಇದನ್ನೇ ಇತಿಹಾಸ ಎಂದುಕೊಂಡರೆ ಪಾಪಮ್‌ಗೆ ಅನ್ಯಾಯ.

ಕನ್ನಡದಲ್ಲಿ ಇದನ್ನು ಆಡಿಸಬೇಕು ಎಂದು ಯಾವುದಾದರೂ ತಂಡಕ್ಕೆ ಮನಸ್ಸಾದರೆ ಎಲ್ಲೆಲ್ಲಿ ಎಡವಬಹುದು ಎಂದು ಹೇಳಿಬಿಡುತ್ತೇನೆ. ಮೊದಲ ಮತ್ತು ದೊಡ್ಡ ತಪ್ಪು ನೆಡ್‌ನನ್ನು ಸಂತನನ್ನಾಗಿ ಮಾಡುವುದು. ಕ್ರೇಮರ್ ತನ್ನನ್ನೇ ಮಾದರಿಯಾಗಿಟ್ಟು ಬರೆದ ಪಾತ್ರಕ್ಕೆ ಅಹಂಕಾರ, ಕ್ರೌರ್ಯ, ಕೇಳಿಸಿಕೊಳ್ಳದ ಕಿವಿ ಎಲ್ಲವನ್ನೂ ಕೊಟ್ಟಿದ್ದಾನೆ. ಬ್ರೂಸ್ ಹೇಳುವುದು ಹಲವು ಸಲ ಸರಿ. ಅವನನ್ನು ಹೇಡಿಯಂತೆ ಆಡಿಸಿದರೆ ನಾಟಕ ಭಾಷಣವಾಗುತ್ತದೆ. ಸಾಯುತ್ತಿರುವ ಪ್ರೇಮಿಯನ್ನು ವಿಮಾನದಲ್ಲಿ ತಾಯಿಯ ಊರಿಗೆ ಕರೆದೊಯ್ದದ್ದು, ಆಸ್ಪತ್ರೆಯವರು ಹೆಣವನ್ನು ಕಸದ ಚೀಲಕ್ಕೆ ತುಂಬಿಕೊಟ್ಟದ್ದು, ಇದನ್ನು ಬ್ರೂಸ್ ಹೇಳುವ ಜಾಗ ನಾಟಕದ ಅತಿ ಭಾರವಾದ ಮಾತು. ಅಲ್ಲಿಯವರೆಗೆ ಪ್ರೇಕ್ಷಕ ಅವನನ್ನು ತಿರಸ್ಕರಿಸಿದ್ದರೆ ಆ ಮಾತು ಇಳಿಯುವುದಿಲ್ಲ.

ಎರಡನೆಯದು ದನಿ. ನೆಡ್ ಮೊದಲ ದೃಶ್ಯದಲ್ಲೇ ಪೂರ್ತಿ ದನಿ ತೆರೆದರೆ ಎರಡನೇ ಅಂಕಕ್ಕೆ ಏನೂ ಉಳಿಯದು. ಫೀಲಿಕ್ಸ್‌ನ ಕಾಲಿನ ಮೇಲೆ ಕಾಯಿಲೆಯ ಗುರುತಾದ ನೇರಳೆ ಕಲೆ ಕಾಣುವವರೆಗೆ ಅವನ ಸಿಟ್ಟಿನಲ್ಲಿ ಉತ್ಸಾಹವಿರಬೇಕು. ಆಮೇಲೆ ಅದಕ್ಕೆ ಭಯ ಸೇರುತ್ತದೆ. ಎಮ್ಮಾ ತನ್ನ ಸಂಶೋಧನೆಗೆ ಹಣ ನಿರಾಕರಿಸಿದ ಸರ್ಕಾರಿ ವೈದ್ಯನ ಎದುರು ಸಿಡಿಯುವ ದೃಶ್ಯವಿದೆ. ಎರಡು ಸಾವಿರ ರೋಗಿಗಳಿಗೆ 50 ಲಕ್ಷ ಡಾಲರ್, ಟೈಲೆನಾಲ್‌ನಿಂದ ಸತ್ತ ಏಳು ಜನರ ತನಿಖೆಗೆ 2 ಕೋಟಿ ಎಂದು ಲೆಕ್ಕ ಹೇಳಿ ಕಾಗದಗಳನ್ನು ಎಸೆಯುತ್ತಾಳೆ. ಅಲ್ಲಿಯವರೆಗೆ ಅವಳ ದನಿ ಏರಬಾರದು. ಗಾಲಿಕುರ್ಚಿಯನ್ನು ತಾಲೀಮಿನ ಮೊದಲ ವಾರದಿಂದಲೇ ತರಬೇಕು, ಕೊನೆಯ ವಾರಕ್ಕೆ ಇಟ್ಟುಕೊಂಡರೆ ನಟಿ ಚಕ್ರದ ಕಡೆ ನೋಡುತ್ತ ಮಾತು ಮರೆಯುತ್ತಾಳೆ. ಕುರ್ಚಿ ಎರಡಡಿಗಿಂತ ಅಗಲ, ಬಾಗಿಲು ಮೂರಡಿಯಾದರೂ ಬೇಕು.

ಹಾಲಿನ ದೃಶ್ಯ ಇನ್ನೊಂದು ಅಪಾಯ. ಊಟ ಬಿಟ್ಟು ನೆಲದ ಮೇಲೆ ಕೂತ ಫೀಲಿಕ್ಸ್‌ನ ಎದುರು ನೆಡ್ ತಂದ ಸಾಮಾನುಗಳನ್ನು ಒಂದೊಂದಾಗಿ ನೆಲಕ್ಕೆ ಬಡಿಯುತ್ತಾನೆ, ಕೊನೆಗೆ ಹಾಲಿನ ಡಬ್ಬಿಯನ್ನೂ. ನಿಜವಾದ ಹಾಲು ಬಣ್ಣ ಬಳಿದ ಹಲಗೆಯ ಮೇಲೆ ವಿಪರೀತ ಜಾರುತ್ತದೆ, ದೀಪಗಳ ಬಿಸಿಗೆ ಎರಡನೇ ದಿನಕ್ಕೆ ನಾರುತ್ತದೆ. ಡಬ್ಬಿಯಲ್ಲಿ ಅರ್ಧಕ್ಕಿಂತ ಕಡಿಮೆ ತುಂಬಿಸಿ, ಆ ಜಾಗಕ್ಕೆ ಮಾತ್ರ ನೀರು ಹೀರುವ ಜಮಖಾನೆ ಹಾಸಿ, ದೃಶ್ಯ ಬದಲಾಗುವ ಕತ್ತಲಲ್ಲಿ ಅದನ್ನು ಸುತ್ತಿ ಎತ್ತಿಕೊಂಡು ಹೋಗುವುದು ಕ್ಷೇಮ. ಒರೆಸುವ ಕೆಲಸ ಯಾರದು ಎಂದು ಹೆಸರು ಹಿಡಿದು ಗೊತ್ತುಮಾಡಿರಬೇಕು.

ಅನುವಾದದಲ್ಲಿ ಒಂದು ಎಚ್ಚರ. ಈ ನಾಟಕದ ಯಾವ ಪಾತ್ರವೂ ‘ಏಡ್ಸ್’ ಎಂಬ ಹೆಸರು ಹೇಳುವುದಿಲ್ಲ, ಅದು, ಇದು, ಕಾಯಿಲೆ, ಪಿಡುಗು ಎನ್ನುತ್ತವೆ. ಪ್ರೇಕ್ಷಕನಿಗೆ ಗೊತ್ತಾಗಲಿ ಎಂದು ಅನುವಾದಕ ಆ ಹೆಸರನ್ನು ತುರುಕಿದರೆ ಪಾತ್ರಗಳ ಅಜ್ಞಾನ, ಅದರಿಂದ ಬರುವ ಭಯ ಎರಡೂ ಹೋಗುತ್ತವೆ. ಗೋಡೆಯ ಅಂಕಿಗಳಿಗೆ ತಾರೀಖು ಬರೆಯಿರಿ. 1980ರ ದಶಕದ ಅಂಕಿಯ ಕೆಳಗೆ ಇವತ್ತಿನ ಜಾಗತಿಕ ಸಂಖ್ಯೆ, ಅಂದರೆ ನಾಲ್ಕು ಕೋಟಿಗೂ ಹೆಚ್ಚು ಸಾವು, ಬಂದರೆ ಮೂಲದ ವಿಧಾನವನ್ನೇ ಮುಂದುವರಿಸಿದಂತೆ. ಮತ್ತೆ ಹಕ್ಕಿನ ವಿಷಯ: ಕ್ರೇಮರ್ ತೀರಿಕೊಂಡದ್ದು 2020ರಲ್ಲಿ. ಭಾರತದ ಕಾನೂನಿನಲ್ಲಿ ಲೇಖಕನ ಮರಣದ ನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ, ಅಂದರೆ 2080ರ ಕೊನೆಯವರೆಗೆ. ಅನುವಾದಕ್ಕೂ ಪ್ರಯೋಗಕ್ಕೂ ಅನುಮತಿ ಬೇಕು. ತಾಲೀಮು ಶುರುಮಾಡಿ ಆಮೇಲೆ ಕೇಳಬೇಡಿ.

2011ರಲ್ಲಿ ನಾಟಕ ಬ್ರಾಡ್‌ವೇಗೆ ಬಂತು. ನೆಡ್ ಆಗಿ ಜೋ ಮಾಂಟೆಲ್ಲೊ, ಎಮ್ಮಾ ಆಗಿ ಎಲೆನ್ ಬಾರ್ಕಿನ್. ಮರುಪ್ರಯೋಗದ ಟೋನಿ ಪ್ರಶಸ್ತಿ ಸಿಕ್ಕಿತು. ಆಗ 75 ದಾಟಿದ್ದ ಕ್ರೇಮರ್ ಪ್ರದರ್ಶನ ಮುಗಿದ ಮೇಲೆ ಬೀದಿಯಲ್ಲಿ ನಿಂತು, ಹೊರಬರುವ ಪ್ರೇಕ್ಷಕರಿಗೆ ಕೈಯಾರೆ ಕಾಗದ ಹಂಚುತ್ತಿದ್ದ. ನೀವು ನೋಡಿದ್ದೆಲ್ಲ ನಡೆದದ್ದು, ಪಿಡುಗು ಮುಗಿದಿಲ್ಲ ಎಂದು ಅದರಲ್ಲಿತ್ತು. 2014ರಲ್ಲಿ ಎಚ್‌ಬಿಒ ಚಿತ್ರ ಮಾಡಿತು, ಮಾರ್ಕ್ ರಫಲೊ ನೆಡ್ ಆಗಿ. ಚಿತ್ರ ಚೆನ್ನಾಗಿದೆ, ಆದರೆ ಗೋಡೆ ಇಲ್ಲದ ‘ನಾರ್ಮಲ್ ಹಾರ್ಟ್’ ಅದು.

ಸಂಖ್ಯೆ, ಹೆಸರು, ಬೇಡಿಕೆ ಎಂಬ ಅದೇ ಮೂರು ಮೆಟ್ಟಿಲು ಬೀದಿಗೆ ಇಳಿದದ್ದು 1987ರಲ್ಲಿ. ಮಾರ್ಚ್ 10ರಂದು ಗ್ರೀನಿಚ್ ವಿಲೇಜ್‌ನ ಗೇ ಸಮುದಾಯ ಕೇಂದ್ರದಲ್ಲಿ, ನೋರಾ ಎಫ್ರಾನ್ ಬರಲಾಗದ್ದಕ್ಕೆ ಬದಲಿ ಭಾಷಣಕಾರನಾಗಿ ಬಂದ ಕ್ರೇಮರ್ ಸಭೆಯ ಮೂರನೇ ಎರಡು ಭಾಗವನ್ನು ಎದ್ದು ನಿಲ್ಲಿಸಿದ. ಐದು ವರ್ಷಗಳಲ್ಲಿ ನೀವೆಲ್ಲ ಸತ್ತಿರಬಹುದು ಎಂದ. ನಾಲ್ಕು ವರ್ಷಗಳ ಹಿಂದೆ ತಾನು ಬರೆದ 1,112 ಈಗ 32,000 ಆಗಿದೆ ಎಂದ. ಎರಡು ದಿನಗಳ ನಂತರ ಸೇರಿದ ಸುಮಾರು 300 ಜನ ‘ಆ್ಯಕ್ಟ್ ಅಪ್’ ಎಂಬ ಏಡ್ಸ್ ಹೋರಾಟದ ಸಂಘಟನೆ ಕಟ್ಟಿದರು. ಮಾರ್ಚ್ 24ರ ಬೆಳಿಗ್ಗೆ ವಾಲ್ ಸ್ಟ್ರೀಟ್‌ನಲ್ಲಿ ಮೊದಲ ಪ್ರತಿಭಟನೆ, 17 ಬಂಧನ. ಗುರಿ ಖಚಿತವಾಗಿತ್ತು: ಏಡ್ಸ್ ಚಿಕಿತ್ಸೆಗೆ ಐದು ದಿನಗಳ ಹಿಂದೆ ಅನುಮತಿ ಪಡೆದಿದ್ದ ಎಝಡ್‌ಟಿ ಔಷಧಕ್ಕೆ ವರ್ಷಕ್ಕೆ ಸುಮಾರು 10,000 ಡಾಲರ್ ಬೆಲೆ ಮತ್ತು ಆಹಾರ ಹಾಗೂ ಔಷಧ ಆಡಳಿತದ ವಿಳಂಬ. ಹಿಂದಿನ ದಿನವೇ ‘ಟೈಮ್ಸ್’ನಲ್ಲಿ ಬಂದಿದ್ದ ಕ್ರೇಮರ್‌ನ ಲೇಖನದ ಪ್ರತಿಗಳನ್ನು ಅಲ್ಲಿ ಹಂಚಿದರು. ಅಂದರೆ ದಾರಿಹೋಕನ ಕೈಗೆ ಘೋಷಣೆಯ ಜೊತೆ ವಾದವೂ ಸಿಕ್ಕಿತು. 1989ರ ಸೆಪ್ಟೆಂಬರ್‌ನಲ್ಲಿ ಏಳು ಜನ ಷೇರುಪೇಟೆಯ ಒಳಹೊಕ್ಕು ಮೇಲಿನ ಬಾಲ್ಕನಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡ ಮೇಲೆ ಔಷಧದ ಕಂಪನಿ, ಅಷ್ಟರಲ್ಲಿ ಸುಮಾರು 8,000 ಡಾಲರಿಗೆ ಇಳಿದಿದ್ದ ಬೆಲೆಯನ್ನು ಇನ್ನೂ ಶೇ 20ರಷ್ಟು ಇಳಿಸಿ 6,400 ಡಾಲರಿಗೆ ತಂದಿತು. (ಔಷಧದ ಬೆಲೆ ಎಷ್ಟರಮಟ್ಟಿಗೆ ಇಳಿಯಬಹುದಿತ್ತು ಎಂಬುದನ್ನು 2001ರಲ್ಲಿ ಮುಂಬೈನ ಸಿಪ್ಲಾ ತೋರಿಸಿತು: ಮೂರು ಔಷಧಗಳ ಚಿಕಿತ್ಸೆ ವರ್ಷಕ್ಕೆ 350 ಡಾಲರಿಗೆ.)

ಸಂಘಟನೆ ನಡೆಸುವುದು ಕ್ರೇಮರ್‌ನ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ. ಹುಟ್ಟುಹಾಕಿ, ಜಗಳವಾಡಿ, ಪಕ್ಕಕ್ಕೆ ಸರಿಯುವುದೇ ಅವನ ರೀತಿ. ಕಿರಿಯರು ಔಷಧ ಪ್ರಯೋಗಗಳ ವಿನ್ಯಾಸ ಓದಿ ಕಲಿತು ವಿಜ್ಞಾನಿಗಳ ಜೊತೆ ಮೇಜಿನಲ್ಲಿ ಕೂತರು. 1988ರಲ್ಲಿ ಕ್ರೇಮರ್ ಬಹಿರಂಗ ಪತ್ರದಲ್ಲಿ ಕೊಲೆಗಾರ ಎಂದು ಕರೆದ, ಸರ್ಕಾರದ ಸೋಂಕುರೋಗ ಸಂಶೋಧನಾ ಸಂಸ್ಥೆಯ ಮುಖ್ಯಸ್ಥ ಆ್ಯಂಟನಿ ಫೌಚಿ, ಆ ಪತ್ರ ಓದಿ ಬಾಗಿಲು ಮುಚ್ಚದೆ ತೆರೆದ. ಕ್ರೇಮರ್ ಸಾಯುವವರೆಗೂ ಇಬ್ಬರೂ ಗೆಳೆಯರಾಗಿದ್ದರು. ಅದೇ ವರ್ಷ ಕ್ರೇಮರ್‌ಗೆ ತನಗೂ ಎಚ್‌ಐವಿ ಇದೆ ಎಂದು ತಿಳಿಯಿತು. 1992ರ ‘ದಿ ಡೆಸ್ಟಿನಿ ಆಫ್ ಮಿ’ ನಾಟಕದ ವೈದ್ಯ ಡೆಲ್ಲಾ ವೀಡಾ ಫೌಚಿಯನ್ನು ನೋಡಿ ಮಾಡಿದ ಪಾತ್ರ. ಪ್ರಾಯೋಗಿಕ ಚಿಕಿತ್ಸೆಗೆ ಬಂದ ನೆಡ್‌ನ ಎದುರು ಬಾಲ್ಯದ ತಾನೇ, ಅಲೆಕ್ಸಾಂಡರ್ ಎಂಬ ಹುಡುಗ, ಬಂದು ಮಾತಿಗೆ ನಿಲ್ಲುತ್ತಾನೆ. ಹೊಡೆಯುವ ಅಪ್ಪ, ಎಲ್ಲದರಲ್ಲೂ ಕೈಹಾಕುವ ಅಮ್ಮ. ಬರಹವಾಗಿ ಇದು ‘ನಾರ್ಮಲ್ ಹಾರ್ಟ್’ಗಿಂತ ಸೂಕ್ಷ್ಮ ಎಂದು ನನ್ನ ಎಣಿಕೆ. ಪುಲಿಟ್ಝರ್‌ನ ಅಂತಿಮ ಸುತ್ತಿಗೂ ಬಂದಿತ್ತು. ಇಲ್ಲಿ ಲೆಕ್ಕ ಒಪ್ಪಿಸಬೇಕಾದದ್ದು ಸರ್ಕಾರವಲ್ಲ, ಒಂದು ಮನೆ.

ಸೋತ ಕೃತಿಗಳೂ ಇವೆ. 1988ರ ಪ್ರಹಸನ ‘ಜಸ್ಟ್ ಸೇ ನೋ’ ಅಂದಿನ ಅಧ್ಯಕ್ಷ ರೇಗನ್ ದಂಪತಿ ಮತ್ತು ಕಾಚ್ ಮೇಲೆ ಹರಿಹಾಯುತ್ತದೆ. ಅಲ್ಲಿ ಮೂದಲಿಕೆ ಇದೆ, ಬೇಡಿಕೆ ಇಲ್ಲ. ದಶಕಗಳ ಕಾಲ ಬರೆದ ‘ದಿ ಅಮೆರಿಕನ್ ಪೀಪಲ್’ ಕಾದಂಬರಿಯ ಎರಡು ಸಂಪುಟಗಳು 2015 ಮತ್ತು 2020ರಲ್ಲಿ ಬಂದವು. ವಾಷಿಂಗ್ಟನ್, ಲಿಂಕನ್ ಎಲ್ಲರೂ ಗೇ ಎಂದು ಸಾರುವ, ದೇಶದ ಇಡೀ ಇತಿಹಾಸವನ್ನು ಈ ವೈರಾಣುವಿನ ಕಣ್ಣಿಂದ ಬರೆಯುವ ಹಟ ಅದು. ಆಧಾರವಿರುವ ಸಂಗತಿಯನ್ನೂ ಊಹೆಯನ್ನೂ ಒಂದೇ ದನಿಯಲ್ಲಿ ಹೇಳುವುದರಿಂದ, ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಲೇಖಕನನ್ನು ನಂಬಬೇಕೋ ಬೇಡವೋ ತಿಳಿಯದಾಗುತ್ತದೆ.

2001ರ ಡಿಸೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಅವನಿಗೆ ಯಕೃತ್ತಿನ ಕಸಿ ಆಯಿತು. ಎಚ್‌ಐವಿ ಇದ್ದವರಿಗೆ ಅಂಗ ಕಸಿ ಮಾಡಲು ಹೆಚ್ಚಿನ ಆಸ್ಪತ್ರೆಗಳು ಒಪ್ಪದಿದ್ದ ಕಾಲ. 2013ರ ಜುಲೈ 24ರಂದು ನ್ಯೂಯಾರ್ಕ್‌ನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ, ವಾಸ್ತುಶಿಲ್ಪಿ ಡೇವಿಡ್ ವೆಬ್‌ಸ್ಟರ್ ಜೊತೆ ಮದುವೆಯಾದ. ವೆಬ್‌ಸ್ಟರ್ ಬೇರೆ ಯಾರೂ ಅಲ್ಲ, ‘ಫ್ಯಾಗಟ್ಸ್’ನಲ್ಲಿ ಕೈಗೆ ಸಿಗದೆ ಹೋದ ಡಿಂಕಿ ಆಡಮ್ಸ್‌ಗೆ ಮಾದರಿಯಾಗಿದ್ದವನು. 2020ರ ಮೇ 27ರಂದು, 84ನೇ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ಕ್ರೇಮರ್ ತೀರಿಕೊಂಡ. ಕೋವಿಡ್ ಶುರುವಾದಾಗಲೂ ಒಂದು ಹೊಸ ನಾಟಕ ಬರೆಯುತ್ತಿದ್ದ.

ಹೊಸದಾಗಿ ಓದುವವರು ‘1,112 ಆ್ಯಂಡ್ ಕೌಂಟಿಂಗ್’ನಿಂದ ಶುರುಮಾಡಿ. ಒಂದೇ ಕೂತಿನಲ್ಲಿ ಮುಗಿಯುತ್ತದೆ. ಅದು ಮತ್ತು ಆ ಕಾಲದ ಇತರ ಲೇಖನಗಳು 1989ರ ‘ರಿಪೋರ್ಟ್ಸ್ ಫ್ರಮ್ ದಿ ಹಾಲೊಕಾಸ್ಟ್’ ಸಂಕಲನದಲ್ಲಿವೆ. ಆಮೇಲೆ ‘ನಾರ್ಮಲ್ ಹಾರ್ಟ್’, ಅದರ ರಂಗಸೂಚನೆಗಳನ್ನು ಹಾರಿಸದೆ. ಅದರ ಬೆನ್ನಿಗೇ ‘ಡೆಸ್ಟಿನಿ ಆಫ್ ಮಿ’. ‘ಫ್ಯಾಗಟ್ಸ್’ ಕೊನೆಗಿರಲಿ. ಮುಂದೆ ಏನಾಯಿತು ಎಂದು ತಿಳಿದು ಓದಿದಾಗ ಅದರ ನಗೆಯ ಕೆಳಗಿನ ಒಂಟಿತನ ಚೆನ್ನಾಗಿ ಕಾಣುತ್ತದೆ.